ಮ್ಯಾನೇಜರ್ ಬೆನ್ನಿಗೆ ನಿಂತಿದ್ದಾರೆ, ಸರಿ. ಅವರಿಗೆ ವರ್ಗವಾದ ಮೇಲೆ?

ಯಲ್ಲಾಪುರದ ಕವದಿ
ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದವಾಗಬಹುದು.

ನಾನು ಸಿದ್ದಿ, ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಇಲ್ಲಿಗೆ ಬಂದವರ ವಂಶ. ಊರು ಯಲ್ಲಾಪುರ ತಾಲ್ಲೂಕಿನ ಒಂದು ಹಳ್ಳಿ. ಬಿ.ಕಾಂ ಮುಗಿಸಿ ಹುಬ್ಬಳ್ಳಿಯಲ್ಲಿ ಬಂಗಾರದ ಮೇಲೆ ಸಾಲ ಕೊಡುವ ಕಂಪನಿಯೊಂದರಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಆದರೂ ಕೌಂಟರಿನಲ್ಲಿ ಕೂತರೆ ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ, "ಯಾವ ದೇಶ ಮೇಡಂ ನಿಮ್ಮದು?" ಕೆಲವರು ಹಿಂದಿಯಲ್ಲಿ ಮಾತು ಶುರು ಮಾಡುತ್ತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ "ಎಷ್ಟು ಚಲೋ ಕನ್ನಡ ಕಲ್ತೀರಿ!" ಅಂತಾರೆ. ಕಲಿತದ್ದೇನು ಬಂತು, ಹುಟ್ಟಿದ್ದೇ ಇಲ್ಲಿ.

ಹಿಂದಿನ ಮ್ಯಾನೇಜರ್ ಕೆಟ್ಟವರಲ್ಲ. ಒಂದು ದಿನ ಕರೆದು, "ನಿನಗೇ ಯಾಕಮ್ಮ ದಿನಾ ಈ ತಲೆನೋವು, ಒಳಗೆ ಕೂತು ಫೈಲ್ ನೋಡಿಕೋ" ಅಂದರು. ನಾನೂ ಹೂಂ ಅಂದೆ. ಎರಡೂವರೆ ವರ್ಷ ಲಾಕರ್ ಕೋಣೆಯ ಪಕ್ಕ, ಕಿಟಕಿ ಇಲ್ಲದ ಜಾಗದಲ್ಲಿ ಕೂತೆ. ನನ್ನ ನಂತರ ಸೇರಿದ ಇಬ್ಬರಿಗೆ ಬಡ್ತಿ ಸಿಕ್ಕಿತು. ನನಗೆ ಯಾಕಿಲ್ಲ ಅಂತ ಕೇಳಿದರೆ, "ಗ್ರಾಹಕರ ಜೊತೆ ವ್ಯವಹರಿಸಿದ ಅನುಭವ ಕಡಿಮೆ" ಅಂದರು.

ಹೋದ ವರ್ಷ ಹೊಸ ಮ್ಯಾನೇಜರ್ ಮೇಡಂ ಬಂದರು. ಎರಡನೇ ವಾರ ಒಂದು ಜೊತೆ ಬಳೆ ಬಂದಿತ್ತು. ಕೌಂಟರಿನ ಹುಡುಗ ತೂಕ ಹಾಕಿ ಬರೆದುಕೊಂಡಿದ್ದ. ನಾನು ಫೈಲಿಗೆ ಹಾಕುವಾಗ ಕೈಯಲ್ಲಿ ಹಿಡಿದು ನೋಡಿದೆ, ದಪ್ಪಕ್ಕೆ ತಕ್ಕ ಭಾರ ಇರಲಿಲ್ಲ. ಮೇಜಿನ ಮೇಲೆ ಮೆಲ್ಲಗೆ ಬಿಟ್ಟರೆ ಮಂಕು ಸದ್ದು. ಒಳಗೆ ಅರಗು ತುಂಬಿದ ಬಳೆ, ಅರಗಿನ ತೂಕ ಕಳೆಯದೆ ಲೆಕ್ಕ ಹಾಕಿದ್ದರು. ಮೇಡಂ ಮುಂದೆ ಒರೆಗಲ್ಲಿಗೆ ಉಜ್ಜಿ, ಆ್ಯಸಿಡ್ ಹನಿ ಹಾಕಿ, ಗೆರೆ ಎಷ್ಟು ಉಳಿಯುತ್ತದೆ, ಅಂದರೆ ಬಂಗಾರ ಎಷ್ಟು ಶುದ್ಧ ಅಂತ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ನೀವು ಒಳಗೆ ಯಾಕೆ ಕೂತಿದ್ದೀರಿ?"

ಮಾರನೇ ದಿನ ನಾನು ಕೌಂಟರಿನಲ್ಲಿದ್ದೆ. ಅದೇ ವಾರ ಒಬ್ಬರು ನನ್ನನ್ನು ನೋಡಿ, "ಬೇರೆ ಯಾರನ್ನಾದರೂ ಕರೀರಿ, ಇವರ ಕೈಯಲ್ಲಿ ನಾ ಬಂಗಾರ ಕೊಡಂಗಿಲ್ಲ" ಅಂದರು. ಶಾಖೆಯಲ್ಲಿ ಏಳೆಂಟು ಜನ ಗ್ರಾಹಕರಿದ್ದರು. ಮೇಡಂ ಕ್ಯಾಬಿನ್ನಿಂದ ಹೊರಗೆ ಬಂದು, ನನ್ನ ಕುರ್ಚಿಯ ಪಕ್ಕ ನಿಂತು, "ಬಂಗಾರ ನೋಡುವುದರಲ್ಲಿ ಇವರೇ ಇಲ್ಲಿ ಹಿರಿಯರು. ಇವರ ಹತ್ತಿರ ಆಗಲ್ಲ ಅಂದರೆ ನಮ್ಮ ಶಾಖೆಯಲ್ಲಿ ಆಗಲ್ಲ ರೀ" ಅಂದರು. ಆ ಗ್ರಾಹಕರು ಎದ್ದು ಹೋದರು. ಮೇಡಂ ನನಗೆ ಸಮಾಧಾನ ಏನೂ ಹೇಳಲಿಲ್ಲ. "ಮುಂದಿನ ಟೋಕನ್ ಕರೀರಿ" ಅಂದರು ಅಷ್ಟೇ. ಆ ದಿನ ಮನೆಗೆ ಹೋಗಿ ಅತ್ತೆ. ದುಃಖಕ್ಕಲ್ಲ.

ಈಗ ಸಹಾಯಕ ವ್ಯವಸ್ಥಾಪಕಿ ಹುದ್ದೆಗೆ ಅರ್ಜಿ ಹಾಕು ಅಂತ ಮೇಡಂ ಹೇಳುತ್ತಿದ್ದಾರೆ. ಆದರೆ ಮೂರು ತಿಂಗಳಲ್ಲಿ ಅವರಿಗೆ ವರ್ಗ. "ಮೇಡಂ ಕೃಪೆ" ಅಂತ ಈಗಲೇ ಕೆಲವರು ಆಡಿಕೊಳ್ಳುತ್ತಿದ್ದಾರೆ. ಅವರು ಹೋದ ಮೇಲೆ ನನ್ನನ್ನು ಮತ್ತೆ ಆ ಕಿಟಕಿ ಇಲ್ಲದ ಕೋಣೆಗೆ ಕಳಿಸಿದರೆ? ಆ ಭಯಕ್ಕೆ ಅರ್ಜಿ ಅರ್ಧ ತುಂಬಿ ಇಟ್ಟಿದ್ದೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಿವೃತ್ತ ಶಾಖಾಧಿಕಾರಿ, ಶಿವಮೊಗ್ಗ
ಭಾನುವಾರ ರಾತ್ರಿ 10.15

ಮೊದಲು ಅರ್ಜಿ ಪೂರ್ತಿ ತುಂಬಮ್ಮ. ಕೊನೆಯ ದಿನಾಂಕ ಯಾವಾಗ?

ದಾಸನಕೊಪ್ಪ
ಭಾನುವಾರ ರಾತ್ರಿ 10.32

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅನಿಸಿಕೆ ಹೇಳುತ್ತೇನೆ. ಜನ ಯಾವ ದೇಶ ಅಂತ ಕೇಳುವುದು ಕುತೂಹಲಕ್ಕೆ. ಬಿಳಿಯರು ಬಂದು ಕೂತರೂ ಕೇಳುತ್ತಾರೆ. ಅದನ್ನೆಲ್ಲ ಭೇದಭಾವ ಅಂತ ತಗೊಂಡರೆ ಬದುಕೋದು ಕಷ್ಟ. ಮತ್ತೆ ವ್ಯಾಪಾರ ಅಂದಮೇಲೆ ಗ್ರಾಹಕ ಎದ್ದು ಹೋದರೆ ನಷ್ಟ ಕಂಪನಿಗೆ. ನಾನೂ ಅಂಗಡಿ ಇಟ್ಟವನು. ಹಿಂದಿನ ಮ್ಯಾನೇಜರ್ ಮಾಡಿದ್ದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ ಅಂತ ಅವರೇ ಬರೆದಿದ್ದಾರಲ್ವಾ.

ಕಾಳಿ ಹೊಳೆ
ಭಾನುವಾರ ರಾತ್ರಿ 10.50

@ದಾಸನಕೊಪ್ಪ ಒಂದು ಸಲ ಕೇಳಿದರೆ ಕುತೂಹಲ. ಐದು ವರ್ಷ ದಿನಾ ಕೇಳಿದರೆ? ನಾನು ಹಳಿಯಾಳದವನು, ಸಿದ್ದಿ ಅಲ್ಲ. ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಸಿದ್ದಿ ಹುಡುಗರಿದ್ದರು. ಅವರ ಕೂದಲು ಮುಟ್ಟಿ ನೋಡುತ್ತಿದ್ದೆವು, ನಾನೂ ಮುಟ್ಟಿದ್ದೇನೆ. ನಮಗೆ ಅದು ಆಟ. ಅದರಲ್ಲಿ ಒಬ್ಬ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಯಾಕೆ ಅಂತ ಯಾರೂ ಕೇಳಲಿಲ್ಲ. ಇವತ್ತು ಅವನ ಮುಖ ನೋಡಲು ನನಗೆ ಆಗುವುದಿಲ್ಲ.

ಖಾನಾಪುರ ಕಾಡು
ಭಾನುವಾರ ರಾತ್ರಿ 11.20

ತಂಗಿ, ನಾನೂ ಸಿದ್ದಿ, ಬೆಳಗಾವಿ ಜಿಲ್ಲೆ. ನೀನು ಬರೆದದ್ದು ಓದಿ ನನ್ನದೇ ಕಥೆ ಅನ್ನಿಸಿತು. ಬೆಂಗಳೂರಿನಲ್ಲಿ ಎರಡು ವರ್ಷ ಸೆಕ್ಯೂರಿಟಿ ಕೆಲಸ ಮಾಡಿದೆ. ಬಾಡಿಗೆ ಮನೆ ಕೇಳಲು ಹೋದರೆ "ಫಾರಿನ್‌ನವರಿಗೆ ಕೊಡಲ್ಲ" ಅಂತ ಬಾಗಿಲು ಹಾಕುತ್ತಿದ್ದರು. ಆಧಾರ್ ತೋರಿಸಿದರೂ ನಂಬುತ್ತಿರಲಿಲ್ಲ.

ಇನ್ನೊಂದು ವಿಷಯ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯ ನಮಗೆ 2020ರವರೆಗೆ ಕಾಯಬೇಕಾಯಿತು. ಒಂದೇ ಕುಲ, ಮದುವೆ ಸಂಬಂಧ ಅತ್ತಿಂದಿತ್ತ. ಆದರೆ ಜಿಲ್ಲೆಯ ಗಡಿ ದಾಟಿದರೆ ಸರ್ಟಿಫಿಕೇಟ್ ಇಲ್ಲ. ನನ್ನ ಚಿಕ್ಕಪ್ಪನ ಮಗಳು ಹಳಿಯಾಳದಲ್ಲಿ ಓದಿ ಶಿಕ್ಷಕಿ ಆದಳು, ನಾನು ಗೇಟ್ ಕಾಯ್ದೆ. ಆ 17 ವರ್ಷ ಯಾರು ಕೊಡುತ್ತಾರೆ?

ಅರ್ಜಿ ಹಾಕು. ನಿನ್ನ ಹಿಂದೆ ಬರುವ ಹುಡುಗಿಗಾದರೂ ಹಾಕು.

ದಾಸನಕೊಪ್ಪ
ಭಾನುವಾರ ರಾತ್ರಿ 11.34

ಈ ಜಿಲ್ಲೆಯ ವಿಷಯ ನನಗೆ ಗೊತ್ತಿರಲಿಲ್ಲ ಅಣ್ಣ. ಆದರೂ ಗ್ರಾಹಕನನ್ನು ಎಬ್ಬಿಸಿ ಕಳಿಸಬೇಕಿತ್ತಾ ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಿವೃತ್ತ ಶಾಖಾಧಿಕಾರಿ, ಶಿವಮೊಗ್ಗ
ಸೋಮವಾರ ಬೆಳಿಗ್ಗೆ 6.10

@ದಾಸನಕೊಪ್ಪ ನಾನು ಕೊಡುತ್ತೇನೆ. 34 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ 11 ವರ್ಷ ಶಾಖೆ ನಡೆಸಿದೆ. ಆ ಗ್ರಾಹಕನನ್ನು ಯಾರೂ ಎಬ್ಬಿಸಲಿಲ್ಲ, ಅವರೇ ಎದ್ದರು. ಮ್ಯಾನೇಜರ್ ಮಾಡಿದ್ದು ಏನು? ಕೆಲಸ ಗೊತ್ತಿರುವವರ ಕೈಗೆ ಕೆಲಸ ಕೊಟ್ಟು, ಅದರ ಪಕ್ಕ ನಿಂತರು. ಅವತ್ತು ಆಕೆಯನ್ನು ಒಳಗೆ ಕಳಿಸಿ ಬೇರೆಯವರನ್ನು ಕೂರಿಸಿದ್ದರೆ, ಅಲ್ಲಿ ಕಾಯುತ್ತಿದ್ದ ಏಳೆಂಟು ಜನರೂ "ಹೀಗೆ ಕೇಳಿದರೆ ನಡೆಯುತ್ತದೆ" ಅಂತ ಕಲಿತುಕೊಂಡು ಹೋಗುತ್ತಿದ್ದರು. ಶಾಖೆಯ ಸಿಬ್ಬಂದಿಯೂ ಕಲಿಯುತ್ತಿದ್ದರು. ಒಬ್ಬ ಗ್ರಾಹಕ ಹೋದ ನಷ್ಟ ಅದರ ಮುಂದೆ ಏನೇನೂ ಅಲ್ಲ.

ಈ ಮಾತು ನಾನು ಸುಮ್ನೆ ಹೇಳುತ್ತಿಲ್ಲ. 1990ರ ದಶಕದಲ್ಲಿ ನನ್ನ ಶಾಖೆಯಲ್ಲಿ ಒಬ್ಬ ಹುಡುಗ ಕ್ಯಾಶಿಯರ್ ಆಗಿದ್ದ. ದಲಿತ. ಅವನ ಕೈಯಿಂದ ಹಣ ತೆಗೆದುಕೊಳ್ಳದೆ "ಅಲ್ಲೇ ಇಡಪ್ಪ" ಅನ್ನುತ್ತಿದ್ದ ಒಬ್ಬ ದೊಡ್ಡ ಠೇವಣಿದಾರರಿದ್ದರು. ನಾನು ಕಂಡೂ ಕಾಣದ ಹಾಗೆ ಇದ್ದೆ. ಆಮೇಲೆ ಆ ಹುಡುಗನನ್ನು ಕರೆದು "ಮನಸ್ಸಿಗೆ ಹಚ್ಚಿಕೋಬೇಡ" ಅಂದೆ, ಚಹಾ ತರಿಸಿ ಕೊಟ್ಟೆ. ಅವನು ಚಹಾ ಕುಡಿಯಲಿಲ್ಲ. ಆರು ತಿಂಗಳಲ್ಲಿ ತಾನೇ ವರ್ಗ ಕೇಳಿಕೊಂಡು ಹೋದ. ನಾನು ಕೌಂಟರಿನ ಪಕ್ಕ ನಿಲ್ಲಬೇಕಿತ್ತು. ಆ ಮೇಡಂ ನಿಂತರು. ನನಗಿಂತ ಒಳ್ಳೆಯ ಮ್ಯಾನೇಜರ್.

ಈಗ ಕವದಿಯವರ ಪ್ರಶ್ನೆಗೆ. ಒಳ್ಳೆಯತನ ಮ್ಯಾನೇಜರ್ ಜೊತೆ ವರ್ಗವಾಗಿ ಹೋಗುತ್ತದೆ, ಕಾಗದ ಶಾಖೆಯಲ್ಲೇ ಉಳಿಯುತ್ತದೆ. ಬಂಗಾರ ಪರೀಕ್ಷೆಯ ಜವಾಬ್ದಾರಿ ನಿಮ್ಮದು ಅಂತ ಕೆಲಸ ಹಂಚಿಕೆ ಆದೇಶ ಬರೆಸಿಕೊಳ್ಳಿ. ಅರಗಿನ ಬಳೆ ಹಿಡಿದದ್ದು, ಅದರಿಂದ ಕಂಪನಿಗೆ ಎಷ್ಟು ಹಣ ಉಳಿಯಿತು ಅನ್ನುವುದು ಈ ವರ್ಷದ ಮೌಲ್ಯಮಾಪನದಲ್ಲಿ ಬರಬೇಕು. ಮೇಡಂ ಚಾರ್ಜ್ ಕೊಡುವಾಗ ಬರೆಯುವ ಟಿಪ್ಪಣಿಯಲ್ಲೂ ನಿಮ್ಮ ಹೆಸರು ಇರಲಿ. ಕೇಳಲು ಸಂಕೋಚ ಬೇಡ. ಅವರಾಗಿ ಬರೆಯುತ್ತಾರೆ ಅಂತ ಕಾಯಬೇಡಿ, ಹೋಗುವ ತಿಂಗಳಲ್ಲಿ ಮ್ಯಾನೇಜರ್ ತಲೆಯಲ್ಲಿ ನೂರು ವಿಷಯ ಇರುತ್ತದೆ.

ಇಂಫಾಲ್ ಟು ಇಂದಿರಾನಗರ
ಸೋಮವಾರ ಬೆಳಿಗ್ಗೆ 9.05

ಸರ್, ನಿಮ್ಮ ಚಹಾದ ಮಾತು ಓದಿ ಗಂಟಲು ಕಟ್ಟಿತು.

ನಾನು ಮಣಿಪುರದವಳು. ಬೆಂಗಳೂರಿಗೆ ಬಂದು 15 ವರ್ಷದ ಮೇಲಾಯಿತು. ಕನ್ನಡ ಕಲಿತದ್ದು ಬ್ಯೂಟಿ ಪಾರ್ಲರ್‌ನಲ್ಲಿ, ತಪ್ಪಿದ್ದರೆ ಕ್ಷಮಿಸಿ. ಚೀನಾ, ನೇಪಾಳ, ಎಲ್ಲ ಕರೆಸಿಕೊಂಡಿದ್ದೇನೆ. ಕೊರೊನಾ ಸಮಯದಲ್ಲಿ ಹೆಸರೇ "ಕೊರೊನಾ" ಆಗಿತ್ತು.

2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅಂತ ವದಂತಿ ಹಬ್ಬಿ ನಮ್ಮವರು ಸಾವಿರ ಸಾವಿರ ಜನ ಮೆಜೆಸ್ಟಿಕ್ ಸ್ಟೇಷನ್ನಿಗೆ ಓಡಿದರು ನೆನಪಿದೆಯಾ? ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ನಾನೂ ಬ್ಯಾಗ್ ಕಟ್ಟಿದ್ದೆ. ನಮ್ಮ ಪಾರ್ಲರ್ ಆಂಟಿ ರಾತ್ರಿ ರೂಮಿಗೆ ಬಂದರು. "ಹೋಗಬೇಡ" ಅನ್ನಲಿಲ್ಲ. "ಭಯ ಆದರೆ ಹೋಗು. ಈ ತಿಂಗಳ ಪೂರ್ತಿ ಸಂಬಳ ಇದು. ನಿನ್ನ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸಲ್ಲ" ಅಂದರು. ನಾನು ಹೋಗಲಿಲ್ಲ. ಕುರ್ಚಿ ಇರುತ್ತದೆ ಅನ್ನುವ ಧೈರ್ಯಕ್ಕೆ ಉಳಿದುಕೊಂಡೆ. ಈಗ ಅದೇ ಪಾರ್ಲರ್‌ನಲ್ಲಿ ನಾನು ಪಾಲುದಾರಳು.

"ಅವರ ಕೃಪೆ" ಅಂತ ನನಗೂ ಹೇಳಿದರು. ಅಕ್ಕಪಕ್ಕದವರಿಗೆ ಸಿಕ್ಕ ಸಹಾಯವನ್ನು ಯಾರೂ ಕೃಪೆ ಅನ್ನಲ್ಲ. ನಮಗೆ ಸಿಕ್ಕರೆ ಮಾತ್ರ ಅದಕ್ಕೆ ಆ ಹೆಸರು.

ಹಾಸನ ಮೆಕ್ಯಾನಿಕಲ್
ಸೋಮವಾರ ಮಧ್ಯಾಹ್ನ 1.15

ಕೊನೆಯ ಸಾಲು ಸಾವಿರಕ್ಕೊಂದು ಮಾತು ಅಕ್ಕ. 🙏

ಇದಕ್ಕೆ ಹೊಂದುವ ಒಂದು ಕಥೆ ಹೇಳುತ್ತೇನೆ, ಅಮೆರಿಕದ್ದು. ಮೇರಿ ಜಾಕ್ಸನ್ ಅಂತ ಕಪ್ಪು ಮಹಿಳೆ, ಗಣಿತ ಓದಿದವರು. 1951ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರಕ್ಕೆ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದರು. ಆಮೇಲೆ ನಾಸಾ ಆಯಿತಲ್ಲ, ಅದೇ. ಆಗ ಕಪ್ಪು ಮಹಿಳೆಯರಿಗೆ ಬೇರೆಯೇ ವಿಭಾಗ, ಬೇರೆ ಶೌಚಾಲಯ. ಒಂದು ದಿನ ಬೇರೆ ಕಟ್ಟಡದಲ್ಲಿ ಕೆಲಸಕ್ಕೆ ಹೋದಾಗ ಶೌಚಾಲಯ ಎಲ್ಲಿ ಅಂತ ಕೇಳಿದರೆ ಅಲ್ಲಿನ ಬಿಳಿ ಹುಡುಗಿಯರು ನಕ್ಕರಂತೆ. ಸಿಟ್ಟಿನಲ್ಲಿ ಬರುವಾಗ ಎದುರಿಗೆ ಸಿಕ್ಕವರು ಕಾಜಿಮಿಯೆರ್ಜ್ ಜಾರ್ನೆಕಿ ಅನ್ನುವ ಎಂಜಿನಿಯರ್. ಅವರ ಹತ್ತಿರ ಎಲ್ಲ ಹೇಳಿಕೊಂಡರು. ಅವರು ಅಯ್ಯೋ ಪಾಪ ಅನ್ನಲಿಲ್ಲ. "ನಮ್ಮ ತಂಡಕ್ಕೆ ಬನ್ನಿ" ಅಂದರು. ಅದು ಶಬ್ದಕ್ಕಿಂತ ವೇಗದ ಗಾಳಿ ಹಾಯಿಸಿ ಪರೀಕ್ಷೆ ಮಾಡುವ ಸುರಂಗ, 60,000 ಅಶ್ವಶಕ್ತಿಯದು. ಅಲ್ಲಿ ಕೆಲಸ ಕಲಿಸಿ, ನೀವು ಎಂಜಿನಿಯರ್ ಆಗಿ ಅಂತ ಹೇಳಿದವರೂ ಅವರೇ.

ಆದರೆ ಅದಕ್ಕೆ ಬೇಕಾದ ಪಾಠ ನಡೆಯುತ್ತಿದ್ದದ್ದು ಬಿಳಿಯರ ಶಾಲೆಯ ಕಟ್ಟಡದಲ್ಲಿ. ಮೇರಿ ಅವರೇ ಹ್ಯಾಂಪ್ಟನ್ ನಗರದ ಆಡಳಿತದಿಂದ ವಿಶೇಷ ಅನುಮತಿ ಪಡೆದು ಅಲ್ಲಿ ಓದಿದರು. 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಬಾಗಿಲು ತೋರಿಸಿದ್ದು ಬಾಸ್. ಒಳಗೆ ಹೋಗಲು ಅರ್ಜಿ ಹಾಕಿದ್ದು ಅವರು. ಎರಡರಲ್ಲಿ ಒಂದು ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಕುಂದಾಪ್ರ ನರ್ಸ್
ಸೋಮವಾರ ಸಂಜೆ 6.50

ಮೇರಿ ಜಾಕ್ಸನ್ ಅವರ ಇನ್ನೊಂದು ಭಾಗ ಇಲ್ಲಿ ಹೇಳಬೇಕು. ಎಂಜಿನಿಯರ್ ಆಗಿ ಮೇಲಿನ ಹಂತಕ್ಕೆ ಹೋಗಲು ಆಗದಿದ್ದಾಗ, 1979ರಲ್ಲಿ ಕೆಳಗಿನ ದರ್ಜೆಗೆ ಇಳಿದು, ಮಹಿಳಾ ನೌಕರರ ಬಡ್ತಿ, ನೇಮಕ ನೋಡುವ ಕೆಲಸಕ್ಕೆ ಹೋದರು. 2021ರಲ್ಲಿ ವಾಷಿಂಗ್ಟನ್ನಿನ ನಾಸಾ ಪ್ರಧಾನ ಕಚೇರಿಗೆ ಅವರ ಹೆಸರಿಟ್ಟರು. ಅಷ್ಟರಲ್ಲಿ ಅವರು ತೀರಿಕೊಂಡು 16 ವರ್ಷ ಆಗಿತ್ತು.

ನಾನು ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ನಾವೇ ಕಪ್ಪು. ಬಂದ ಮೊದಲ ಚಳಿಗಾಲದಲ್ಲಿ ಒಬ್ಬ ಅಜ್ಜ "ಬಿಳಿ ನರ್ಸ್ ಬೇಕು" ಅಂದರು. ಡ್ರೆಸ್ಸಿಂಗ್ ಟ್ರೇ ಕೈಯಲ್ಲಿತ್ತು, ಕೈ ನಡುಗಿ ಇಕ್ಕಳ ಕೆಳಗೆ ಬಿತ್ತು. ವಾರ್ಡ್ ಸಿಸ್ಟರ್ ಬಂದು, "ಇವತ್ತು ನಿಮ್ಮ ನರ್ಸ್ ಇವರೇ. ಬೇಡ ಅಂದರೆ ಡ್ರೆಸ್ಸಿಂಗ್ ಸಂಜೆಗೆ" ಅಂದರು. ಆಮೇಲೆ ನನ್ನ ಕೈಯಿಂದಲೇ ಘಟನೆಯ ವರದಿ ಬರೆಸಿದರು. ಬರೆಯುವುದೇ ಒಂದು ಬಲ ಅಂತ ಅವತ್ತು ಗೊತ್ತಾಯಿತು. ಇಲ್ಲಿ 2010ರ ಸಮಾನತಾ ಕಾಯ್ದೆ ಇದೆ, ಮೈಬಣ್ಣವೂ ಅದರಲ್ಲಿ ಬರುತ್ತದೆ. ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತ ಅಲ್ಲ. ಬಡ್ತಿಯ ಪಟ್ಟಿ ಬಂದಾಗ ನಮ್ಮವರ ಹೆಸರು ಹುಡುಕಬೇಕು.

ಒಂದು ಮಾತು ಹೇಳಲೇಬೇಕು. ಊರಲ್ಲಿದ್ದಾಗ ಮದುವೆ ಮನೆಯಲ್ಲಿ "ಹುಡುಗಿ ಕಪ್ಪು" ಅಂತ ನಾನೇ ಹೇಳಿದ್ದುಂಟು. ಇಲ್ಲಿಗೆ ಬಂದು ನನಗೆ ಆದಾಗ ಅದು ಚುಚ್ಚಿತು.

ಧಾರವಾಡದ ಕರಿಕೋಟು
ಸೋಮವಾರ ರಾತ್ರಿ 8.30

ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ. ಕವದಿಯವರು ಉತ್ತರ ಕನ್ನಡದ ಸಿದ್ದಿ, ಅಂದರೆ ಪರಿಶಿಷ್ಟ ಪಂಗಡ. ದೌರ್ಜನ್ಯ ತಡೆ ಕಾಯ್ದೆ, 1989 ಅವರಿಗೆ ಅನ್ವಯಿಸುತ್ತದೆ. ಸಾರ್ವಜನಿಕರ ಎದುರು ಬೇಕೆಂದೇ ಅವಮಾನ ಮಾಡಿದರೆ ಅದು ಅಪರಾಧ. ಆದರೆ "ಯಾವ ದೇಶ" ಅನ್ನುವ ಪ್ರಶ್ನೆಗೆ, "ಬೇರೆಯವರನ್ನು ಕರೀರಿ" ಅನ್ನುವುದಕ್ಕೆ ಕೇಸ್ ನಿಲ್ಲಿಸುವುದು ಕಷ್ಟ. ಅವಮಾನದ ಉದ್ದೇಶ ತೋರಿಸಬೇಕು. ಎಲ್ಲದಕ್ಕೂ ಠಾಣೆ ಮೆಟ್ಟಿಲು ಹತ್ತಿ ಅಂತ ನಾನು ಹೇಳಲ್ಲ.

ನನಗೆ ಕಾಡುವುದು ಬೇರೆ. ಕಚೇರಿಯಲ್ಲಿ ಲೈಂಗಿಕ ಕಿರುಕುಳ ಆದರೆ 2013ರ ಕಾಯ್ದೆ ಇದೆ, 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಮುಖ, ಮೈಬಣ್ಣ, ಕೂದಲು ನೋಡಿ ಹಂಗಿಸಿದರೆ, ಮೂಲೆಗೆ ತಳ್ಳಿದರೆ ಖಾಸಗಿ ಕಂಪನಿಯಲ್ಲಿ ಅಂಥ ಸಮಿತಿ ಕಡ್ಡಾಯ ಇಲ್ಲ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ಹುಡುಗ ನಿಡೊ ತಾನಿಯಾ, ಕೂದಲು ನೋಡಿ ಹಂಗಿಸಿದವರ ಹೊಡೆತಕ್ಕೆ ಸತ್ತ ಮೇಲೆ ಕೇಂದ್ರ ಸರ್ಕಾರದ ಬೇಜ್‌ಬರುವಾ ಸಮಿತಿ ಕೂತು, ಜನಾಂಗೀಯ ಅವಮಾನಕ್ಕೆ ಬೇರೆಯೇ ಕಲಂ ಬೇಕು ಅಂತ ಶಿಫಾರಸು ಮಾಡಿತು. ಅದು ದಂಡಸಂಹಿತೆಗೆ ಬರಲಿಲ್ಲ. ಹಾಗಾಗಿ ಸದ್ಯಕ್ಕೆ ಒಳ್ಳೆಯ ಬಾಸ್ ಸಿಗುವುದು ಅದೃಷ್ಟದ ಮಾತಾಗಿದೆ. ಅದು ಅದೃಷ್ಟದ ಮಾತಾಗಬಾರದು.

ಕಾಳಿ ಹೊಳೆ
ಸೋಮವಾರ ರಾತ್ರಿ 8.52

ಸಿದ್ದಿಗಳಲ್ಲೇ ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ ಆದರು. ಆಗ ಪೇಪರಿನಲ್ಲಿ ನೋಡಿ ನಮ್ಮ ಊರಲ್ಲಿ ತುಂಬಾ ಜನ ಖುಷಿಪಟ್ಟರು. ಇಷ್ಟು ವರ್ಷ ಆಟೋಟಕ್ಕೆ ಮಾತ್ರ ಸಿದ್ದಿಗಳ ಹೆಸರು ಬರುತ್ತಿತ್ತು.

ಯಲ್ಲಾಪುರದ ಕವದಿ
ಸೋಮವಾರ ರಾತ್ರಿ 9.30

ಆಟೋಟದ ಮಾತು ಬಂತು, ಅದಕ್ಕೆ ಹೇಳುತ್ತೇನೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದವರು ನಮ್ಮ ಹಾಡಿಗಳಿಗೆ ಬಂದು, ಓಡುವ ಮಕ್ಕಳನ್ನು ಆರಿಸಿ ಹಾಸ್ಟೆಲ್ಲಿಗೆ ಕರೆದುಕೊಂಡು ಹೋದರು. ನನ್ನ ಮಾವನೂ ಹೋದವರು. ಆಫ್ರಿಕಾದ ರಕ್ತ, ಒಲಿಂಪಿಕ್ಸ್ ಪದಕ ತರುತ್ತಾರೆ ಅಂತ ಆಸೆ. ಕೆಲವರು ಗೆದ್ದರು ಕೂಡ. ಆರೇಳು ವರ್ಷದಲ್ಲಿ ಯೋಜನೆ ನಿಂತಿತು. ಮಾವ ಸ್ಪೈಕ್ಸ್ ಶೂ ಹಿಡಿದುಕೊಂಡು ವಾಪಸ್ ಬಂದರು. ಆ ಶೂ ಈಗಲೂ ಮನೆಯ ಅಟ್ಟದಲ್ಲಿದೆ. ಮಾವ ಅಡಿಕೆ ತೋಟದಲ್ಲಿ ಕೂಲಿಗೆ ಹೋಗುತ್ತಾರೆ.

ಅದಕ್ಕೇ ನನಗೆ ಭಯ. ಯಾರೋ ಬರುತ್ತಾರೆ, ನಿನ್ನಲ್ಲಿ ಏನೋ ಇದೆ ಅನ್ನುತ್ತಾರೆ, ಆಮೇಲೆ ಹೋಗುತ್ತಾರೆ. ನಮ್ಮ ಆಫೀಸಿನ ಕ್ರೀಡಾ ದಿನಕ್ಕೂ ಕೇಳದೆಯೇ ನನ್ನ ಹೆಸರು ರಿಲೇಗೆ ಬರೆದಿರುತ್ತಾರೆ. ನನಗೆ ಓಡಲು ಬರುವುದೇ ಇಲ್ಲ. ನನಗೆ ಬರುವುದು ಬಂಗಾರ ನೋಡಲು.

ಅಧಿಕಾರಿ ಸರ್, ಕೊನೆಯ ದಿನಾಂಕ ಬರುವ ಶುಕ್ರವಾರ.

ದಾಸನಕೊಪ್ಪ
ಸೋಮವಾರ ರಾತ್ರಿ 10.05

ಮಾವನ ಶೂ ಓದಿದ ಮೇಲೆ ನನ್ನ ಮೊದಲ ಮಾತು ವಾಪಸ್ ತಗೊಳ್ಳುತ್ತೇನೆ. ಕುತೂಹಲ ಅಂದಿದ್ದು ತಪ್ಪು. ಗ್ರಾಹಕನ ವಿಷಯದಲ್ಲಿ ಮಾತ್ರ ಈಗಲೂ ಹೇಳುತ್ತೇನೆ, ಚಿಕ್ಕ ಅಂಗಡಿಯವನಿಗೆ ಆ ಧೈರ್ಯ ಸುಲಭ ಅಲ್ಲ. ಆದರೆ ನನ್ನ ಅಂಗಡಿಯಲ್ಲಿ ಒಬ್ಬ ಒಡಿಶಾದ ಹುಡುಗ ಇದ್ದಾನೆ, ಎಲ್ಲರೂ ಅವನನ್ನು "ಏ ಬಿಹಾರಿ" ಅನ್ನುತ್ತಾರೆ. ನಾನೂ. ನಾಳೆಯಿಂದ ಹೆಸರು ಹಿಡಿದು ಕರೆಯುತ್ತೇನೆ.

ಮುಧೋಳ ರೊಟ್ಟಿ
ಸೋಮವಾರ ರಾತ್ರಿ 10.20

ವಿಷಯ ಬಿಟ್ಟು ಕೇಳ್ತೀನಿ, ಕವದಿ ಅಂದ್ರೆ ನಮ್ಮ ಕಡಿ ಕೌದಿ ಅಂತೀವಲ್ಲ ಅದೇನಾ? ಹಳೇ ಸೀರಿ ಹೊಲಿಯೋದು?

ಯಲ್ಲಾಪುರದ ಕವದಿ
ಸೋಮವಾರ ರಾತ್ರಿ 10.31

ಅದೇ ಅಣ್ಣ. ನಮ್ಮಲ್ಲಿ ನಾಲ್ಕು ಮೂಲೆಗೂ ಬಟ್ಟೆ ಮಡಚಿ "ಫುಲ" ಅಂತ ಹೂವಿನ ಹಾಗೆ ಹೊಲಿಯುತ್ತಾರೆ. ಫುಲ ಇಲ್ಲದ ಕವದಿ ಬೆತ್ತಲೆ ಅನ್ನುತ್ತಾಳೆ ನಮ್ಮ ಅಜ್ಜಿ. ಒಂದು ದೊಡ್ಡ ಕವದಿಗೆ ಅವಳು ಒಂದು ಮಳೆಗಾಲ ತಗೊಳ್ಳುತ್ತಾಳೆ.

ಯಲ್ಲಾಪುರದ ಕವದಿ
ಗುರುವಾರ ರಾತ್ರಿ 11.10

ಅರ್ಜಿ ಹೋಯಿತು. ಈಗಷ್ಟೇ.

ಮಂಗಳವಾರ ಧೈರ್ಯ ಮಾಡಿ ಮೇಡಂ ಹತ್ತಿರ ಹೋಗಿ, ಕೆಲಸ ಹಂಚಿಕೆ ಲಿಖಿತವಾಗಿ ಬೇಕು ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಸರ ಆಯಿತೇನೋ ಅಂದುಕೊಂಡೆ. ಆಮೇಲೆ, "ಇದು ನನಗೇ ಹೊಳೆಯಬೇಕಿತ್ತು" ಅಂದರು. ಅಲ್ಲೇ ಕೂತು ಆದೇಶ ಟೈಪ್ ಮಾಡಿದರು, ಪ್ರಾದೇಶಿಕ ಕಚೇರಿಗೆ ಒಂದು ಪ್ರತಿ. ಅರಗಿನ ಬಳೆಯ ವಿಷಯವನ್ನು ದಿನಾಂಕ ಸಹಿತ ಮೌಲ್ಯಮಾಪನದಲ್ಲಿ ಸೇರಿಸಿದ್ದಾರೆ. ಹೊಸ ಹುಡುಗರಿಬ್ಬರಿಗೆ ವಾರಕ್ಕೆ ಎರಡು ದಿನ ಒರೆಗಲ್ಲು ಹಿಡಿಯುವುದನ್ನು ನಾನು ಕಲಿಸಬೇಕಂತೆ, ಅದೂ ಆದೇಶದಲ್ಲಿದೆ.

ಇವತ್ತು ಮೊದಲ ಪಾಠ ಆಯಿತು. ಅವತ್ತು ಗ್ರಾಹಕ ಎದ್ದು ಹೋದಾಗ ತಲೆ ತಗ್ಗಿಸಿ ಕೂತಿದ್ದ ಹುಡುಗನೇ ಒಬ್ಬ. ಗೆರೆ ಎಳೆದು ಎಳೆದು, ಕೊನೆಗೆ, "ಅಕ್ಕಾ, ಅವತ್ತು ನಾನೂ ಏನಾದರೂ ಅನ್ನಬೇಕಿತ್ತು" ಅಂದ. ಹನಿ ಜಾಸ್ತಿ ಹಾಕಬೇಡ, ಕಲ್ಲು ಹಾಳಾಗುತ್ತದೆ ಅಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

ಸಂದರ್ಶನ ಬೆಂಗಳೂರಿನಲ್ಲಿ, ಬರುವ ತಿಂಗಳು.

ನಿವೃತ್ತ ಶಾಖಾಧಿಕಾರಿ, ಶಿವಮೊಗ್ಗ
ಶುಕ್ರವಾರ ಬೆಳಿಗ್ಗೆ 5.55

ಆದೇಶದ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಆಫೀಸಿನ ಡ್ರಾಯರಿನಲ್ಲಿ ಅಲ್ಲ.

ಖಾನಾಪುರ ಕಾಡು
ಶುಕ್ರವಾರ ಬೆಳಿಗ್ಗೆ 8.20

ತಂಗಿ, ಮಗಳಿಗೆ ನಿನ್ನ ಪೋಸ್ಟ್ ಓದಿ ಹೇಳಿದೆ. ಎಂಟನೇ ಕ್ಲಾಸು. ಒರೆಗಲ್ಲು ಅಂದರೆ ಏನು ಅಂತ ಕೇಳುತ್ತಿದ್ದಾಳೆ, ಫೋಟೋ ಇದ್ದರೆ ಹಾಕು.

ಇಂಫಾಲ್ ಟು ಇಂದಿರಾನಗರ
ಶುಕ್ರವಾರ ಬೆಳಿಗ್ಗೆ 9.15

ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬಂದರೆ ಬೆಳಿಗ್ಗೆ ಮೆಜೆಸ್ಟಿಕ್ ಇಳಿಯುತ್ತೀರಿ ಅಲ್ವಾ? ಲಾಡ್ಜ್ ಹುಡುಕಬೇಡಿ. ಸೀದಾ ನಮ್ಮ ಮನೆಗೆ ಬನ್ನಿ, ಸ್ನಾನ ತಿಂಡಿ ಮುಗಿಸಿ ಹೋಗಬಹುದು. ಕೂದಲು ನಾನು ಕಟ್ಟಿಕೊಡುತ್ತೇನೆ, ನಿಮಗೆ ಹೇಗೆ ಬೇಕೋ ಹಾಗೆ.